ಲೈಟಂಗಡಿಯ ಗಿರಾಕಿಗಳು ಮತ್ತು ನಮ್ಮಪ್ಪ

ಒಂದಾದರೂ ನಗುವ ಸಂಗತಿ ನಡೆಯದೆ ನಮ್ಮ ಅಂಗಡಿಯ ಷಟರು ಕೆಳಗಿಳಿದ ದಿನ ನನಗೆ ನೆನಪಿಲ್ಲ. ಬಂಗಾರಪೇಟೆಯಿಂದ ಕೆಜಿಎಫ್‌ಗೆ ಹೋಗುವ ರಸ್ತೆಯಲ್ಲಿ ಲಾರಿ, ಜೀಪುಗಳಿಗೆ ಎಲ್‌ಇಡಿ ಲೈಟು ಹಾಕುವುದು ನನ್ನ ಕಸುಬು. ಹದಿನೆಂಟು ವರ್ಷವಾಯಿತು. ನಾನು ಹಾಕಿದ ಲೈಟು ಕೆಟ್ಟು ವಾಪಸು ಬರುವುದು ಕಡಿಮೆ. ಬಂದರೂ ತಪ್ಪು ಲೈಟಿನದ್ದೇ ಹೊರತು ನನ್ನ ವೈರಿಂಗಿನದ್ದಲ್ಲ. ಇದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಹೇಳಬೇಕಾದವರು ಹೇಳುವುದಿಲ್ಲ.

ಹೇಳಬೇಕಾದವರು ನಮ್ಮಪ್ಪ. ಕೆಜಿಎಫ್‌ನ ನಂದಿದುರ್ಗ ಚಿನ್ನದ ಗಣಿಯಲ್ಲಿ, ಅದು ಮುಚ್ಚುವ ತನಕ ಎಲೆಕ್ಟ್ರಿಷಿಯನ್ ಆಗಿದ್ದವರು. "ನಾವು ತಲೆ ಮ್ಯಾಲೆ ಒಂದು ದೀಪ ಕಟ್ಕೊಂಡು ಭೂಮಿ ಒಳಕ್ಕೆ ಇಳೀತಿದ್ವಿ. ಇವ್ರಿಗೆ ಟಾರು ರೋಡಲ್ಲಿ ಓಗಕ್ಕೆ ಎಂಟು ಲೈಟು ಬೇಕಂತೆ!" ಎನ್ನುವುದು ಅವರ ನಿತ್ಯದ ಮಂತ್ರ. ನನ್ನ ಕಸುಬಿಗೆ ಅವರಿಟ್ಟ ಹೆಸರು 'ಮದುವೆ ಮನೆ ಸೀರಿಯಲ್ ಸೆಟ್ಟು'. ಅಂಗಡಿಗೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ಊರಿನವರೆಲ್ಲ ಹೊಗಳಿದರೂ ಅಪ್ಪ ಒಮ್ಮೆ ನನ್ನ ಕೆಲಸ ಒಪ್ಪಬೇಕು ಎಂಬ ಆಸೆ ನನ್ನನ್ನು ಬಿಟ್ಟಿರಲಿಲ್ಲ.

ಕೈ ಎತ್ತಿದವರು

ಹಸು ಸಾಕಿ ಚೆನ್ನಾಗಿ ದುಡಿದಿದ್ದ ಯಜಮಾನರೊಬ್ಬರು ಹೊಸ ಜೀಪು ತಂದು ನಿಲ್ಲಿಸಿದರು. "ನಾನು ಬತ್ತಾ ಇದ್ರೆ ಬತ್ತಾ ಇದೀನಿ ಅಂತ ಗೊತ್ತಾಗ್ಬೇಕು, ಅಂಗೆ ಲೈಟು ಆಕು" ಎಂದರು. ಎಂಟು ಲೈಟು ಹಾಕಿದೆ. ಊರೊಳಗೆ, ಹಗಲಲ್ಲಿ ಇವಕ್ಕೆ ಮುಸುಕು ಹಾಕಿರಬೇಕು, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ ಎಂದು ಎಂಟು ಮುಸುಕನ್ನೂ ಎಣಿಸಿ ಕೈಗಿತ್ತೆ.

ಮೂರು ದಿನ ಬಿಟ್ಟು ಯಜಮಾನರು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದರು. ಮಟಮಟ ಮಧ್ಯಾಹ್ನ, ಎಂಟೂ ಲೈಟು ಉರಿಯುತ್ತಿವೆ!

"ಕೆಜಿಎಫ್ ಕೋರಮಂಡಲ್‌ನಿಂದ ಇಲ್ಲೀಗಂಟ ಬಂದೆ ಕಣಪ್ಪ. ಲಾರಿಯೋನು, ಬಸ್ಸೋನು, ಸ್ಕೂಟರ್ ಮ್ಯಾಲಿದ್ದ ಟೀಚರಮ್ಮ, ಎದುರಿಗೆ ಬಂದೋರೆಲ್ಲ ನಂಗೆ ಕೈ ಎತ್ತೋರೇ! ಇಷ್ಟು ಜನ ನನ್ನ ಬಲ್ರು ಅಂತ ನಂಗೇ ಗೊತ್ತಿರ್ಲಿಲ್ಲ."

ಹಗಲಲ್ಲಿ ಲೈಟು ಉರಿಸಿಕೊಂಡು ಬರುವವನನ್ನು ಕಂಡರೆ ನಮ್ಮ ಕಡೆ ಎಲ್ಲರೂ ಕೈ ಎತ್ತಿ, ಬೆರಳು ಬಿಚ್ಚಿ ಮುಚ್ಚಿ, 'ಆರಿಸಯ್ಯ' ಎಂದು ಸನ್ನೆ ಮಾಡುತ್ತಾರಲ್ಲ, ಅದೇ! ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ನನ್ನ ಬಾಯಿಗೆ ಮೈಸೂರು ಪಾಕು ತುರುಕಿ, "ಈ ಸಲ ಪಂಚಾಯ್ತಿಗೆ ನಿಂತೇಬುಡ್ತೀನಿ" ಎಂದರು.

ನಿಂತರು. ಗೆದ್ದೂಬಿಟ್ಟರು. ಈಗ ಅವರಿಗೆ ನಿಜ ಹೇಳುವ ಧೈರ್ಯ ನನಗಿಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ ತಲೆಯನ್ನೂ ಎತ್ತಲಿಲ್ಲ. "ನಿನ್ ಲೈಟಿಂದ ಒಬ್ಬನಿಗೂ ದಾರಿ ಕಾಣ್ಲಿಲ್ಲ, ಪೂರಾ ಪಂಚಾಯ್ತಿಗೆ ದಾರಿ ತಪ್ತು" ಎಂದರು.

ಕೆಂಪು ಲೈಟು

ಆಯುಧಪೂಜೆಯ ಮರುದಿನ ಟೊಮೆಟೊ ಲಾರಿಯ ಡ್ರೈವರೊಬ್ಬ ಉರಿದುಕೊಂಡು ಬಂದ. "ಏನಣ್ಣಾ, ಬಿಳಿ ಲೈಟು ಅಂತೇಳಿ ಕೆಂಪು ಲೈಟು ಆಕಿದೀಯಾ? ರೋಡೆಲ್ಲ ಕೆಂಪಗೆ ಕಾಣ್ತೈತೆ!"

ನನ್ನ ಲೈಟು ಬಣ್ಣ ಬದಲಾಯಿಸುವುದೆಂದರೇನು? ಎದ್ದು ಹೋಗಿ ನೋಡಿದೆ. ಲಾರಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಒಂದೊಂದು ಲೈಟಿನ ಗಾಜಿಗೂ ಅಂಗೈಯಗಲ ಕುಂಕುಮ ಮೆತ್ತಿದೆ. ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಲು ಹೋದರೆ ಡ್ರೈವರು ಅಡ್ಡ ಬಂದ.

"ಅಯ್ಯೋ, ಅಳಿಸ್ಬ್ಯಾಡಣ್ಣಾ! ಶುಕ್ರವಾರದ್‌ಗಂಟ ಮುಟ್ಕೂಡ್ದು ಅಂತ ನಮ್ಮಮ್ಮ ಏಳವ್ಳೆ."

"ಅಲ್ಲೀಗಂಟ ಕೆಂಪು ಲೈಟಲ್ಲೇ ಓಡಿಸ್ತೀಯಾ?"

"ಅದುಕ್ಕೇ ನಿನ್ನತ್ರ ಬಂದಿದೀನಿ. ಕುಂಕುಮ ಅಂಗೇ ಇರ್ಬೇಕು, ಬೆಳಕು ಬಿಳೀದಾಗ್ಬೇಕು."

ಇಂಥ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ಯೋಚಿಸಿ, ಮೂಲೆಯಲ್ಲಿ ಬಿದ್ದಿದ್ದ ಸುಟ್ಟ ಲೈಟೊಂದನ್ನು ಹುಡುಕಿ ತಂದೆ. ಕುಂಕುಮವನ್ನು ಭಕ್ತಿಯಿಂದ ಅದಕ್ಕೆ ವರ್ಗಾಯಿಸಿ, ಲಾರಿಯೊಳಗೆ ಡ್ರೈವರ್ ಸೀಟಿನ ಮುಂದಿನ ದೇವರ ಪಟದ ಪಕ್ಕ ಕೂರಿಸಿದೆ. ಅವನು ಕೈಮುಗಿದು ಹೋದ. ಸುದ್ದಿ ಹಬ್ಬಿತು. ಈಗ ಹಬ್ಬ ಬಂತೆಂದರೆ ಡ್ರೈವರುಗಳು ಸಾಲುಗಟ್ಟಿ ಸುಟ್ಟ ಲೈಟು ಕೇಳುತ್ತಾರೆ. ನನ್ನ ಕೈಗುಣ ಎಂಥದ್ದೆಂದರೆ, ಅಷ್ಟು ಸುಟ್ಟ ಲೈಟು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ, ಬೇರೆಯವರ ಅಂಗಡಿಯಿಂದ ತರಿಸಬೇಕು.

ಬೆರಣಿ ಗೋಡೆ

ಲೈಟು ಹಾಕಿದ ಮೇಲೆ ಎದುರುಗಡೆ ಗೋಡೆಗೆ ಬೆಳಕು ಬಿಟ್ಟು ನೋಡುತ್ತೇನೆ. ಅಲ್ಲಿ ಸೀಮೆಸುಣ್ಣದ ಗೆರೆ ಎಳೆದಿದ್ದೇನೆ. ಬೆಳಕು ಗೆರೆಯ ಕೆಳಗೇ ಬೀಳಬೇಕು, ಎದುರು ಬರುವವನ ಕಣ್ಣು ಕುಕ್ಕಬಾರದು. ಈ ವಿಷಯದಲ್ಲಿ ನಾನು ಯಾರ ಮಾತೂ ಕೇಳುವವನಲ್ಲ. ಆದರೆ ಗೋಡೆ ಒಬ್ಬ ಅಜ್ಜಿಯದು, ಅದರ ಮೇಲೆ ಅವಳು ಬೆರಣಿ ತಟ್ಟುತ್ತಾಳೆ.

ಮೋಡ ಮುಚ್ಚಿದ ಒಂದು ವಾರ ಅಜ್ಜಿ ಬಂದು, "ಬೆರಣಿ ಒಣಗ್ತಾ ಇಲ್ಲ, ಒಂದು ಗಂಟೆ ನಿನ್ ಲೈಟು ಬುಡಪ್ಪ" ಎಂದಳು.

"ಅಜ್ಜೀ, ಇದು ಬರೀ ಬೆಳಕು. ಗೋಡೆಗಂಟ ಕಾವು ಬರಲ್ಲ."

ಅಜ್ಜಿ ಲೈಟನ್ನೂ ನನ್ನನ್ನೂ ಒಮ್ಮೆ ನೋಡಿದಳು. "ನಮ್ಮೆಜಮಾನ್ರೂ ಇಂಗೇ ಇದ್ರು. ನೋಡಕ್ಕೆ ಬಲು ಜೋರು, ಬೆರಣಿ ಮಾತ್ರ ಒಣಗ್ತಿರ್ಲಿಲ್ಲ."

ಅಪ್ಪ ಎಳೆದು ನೋಡಿದ್ದು

ಹೋದ ವರ್ಷ ಅಪ್ಪ ಕಣ್ಣು ತೋರಿಸಲು ಬಂಗಾರಪೇಟೆಗೆ ಬಂದರು. ವಾಪಸು ಹೋಗುವ ಬಸ್ಸು ತಪ್ಪಿತು. ಬೇರೆ ದಾರಿಯಿಲ್ಲದೆ ಅಂಗಡಿಗೆ ಬಂದರು.

ಅಂಗಡಿಯ ಮುಂದೆ ಜಲ್ಲಿ ಹೊಡೆಯುವ ಟಿಪ್ಪರ್ ಲಾರಿ ನಿಂತಿತ್ತು. ಬಂಪರಿನ ಮೇಲೆ ಉದ್ದನೆಯ ಲೈಟು ಕೂರಿಸಿ, ವೈರನ್ನು ಬಂಪರಿಗೇ ಬಿಗಿದು, ಉರಿಯಲು ಬಿಟ್ಟಿದ್ದೆ. ಡ್ರೈವರು ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ.

"ಇದು ನೀನು ಆಕಿದ್ದಾ?" ಎಂದರು ಅಪ್ಪ.

"ಊ."

ಅಪ್ಪ ಬಗ್ಗಿ ವೈರು ಹಿಡಿದರು. "ಗಣಿಯಾಗೆ ಜಾಯಿಂಟು ಆಕಿದ್ಮ್ಯಾಲೆ ಎಳ್ದು ನೋಡ್ತಿದ್ವಿ. ಕೈಗೆ ಬಂದ್ರೆ ಆಕಿದೋನ್ನ ಅವತ್ತು ಊಟಕ್ಕೆ ಬುಡ್ತಿರ್ಲಿಲ್ಲ."

"ಎಳ್ದು ನೋಡಪ್ಪ" ಎಂದೆ. ಅಷ್ಟು ವರ್ಷದಲ್ಲಿ ಇಂಥ ಗಿರಾಕಿ ನನಗೆ ಬಂದಿರಲಿಲ್ಲ.

ಒಂದು ಕೈಯಲ್ಲಿ ಎಳೆದರು. ಬರಲಿಲ್ಲ. ಎರಡು ಕೈಯಲ್ಲಿ ಎಳೆದರು. ಬರಲಿಲ್ಲ. ಅಪ್ಪನಿಗೆ ಹಟ ಬಂತು. ಪಂಚೆ ಎತ್ತಿ ಕಟ್ಟಿ, ವೈರನ್ನು ಕೈಗೆ ಸುತ್ತಿಕೊಂಡು, ಮೈಯ ಭಾರವನ್ನೆಲ್ಲ ಹಿಂದಕ್ಕೆ ಬಿಟ್ಟು ಎಳೆದರು. ಕಟ್ ಎಂದು ಸದ್ದಾಯಿತು. ಮುಗಿಯಿತು ನನ್ನ ಮಾನ ಎಂದು ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ವೈರು ಹಾಗೇ ಇದೆ. ಕಿತ್ತು ಬಂದದ್ದು ಬಂಪರು! ಅದರ ಒಂದು ಕಡೆಯನ್ನು ಡ್ರೈವರು ಹಿಂದೆ ಯಾವುದೋ ಬಂಡೆಗೆ ಗುದ್ದಿ, ಬೋಲ್ಟಿಲ್ಲದೆ ಕಂಬಿಯಲ್ಲಿ ಕಟ್ಟಿಕೊಂಡಿದ್ದನಂತೆ. ಆ ಕಡೆ ಧಡ್ ಎಂದು ನೆಲಕ್ಕೆ ಬಿದ್ದಿತ್ತು. ಓಡಿಹೋಗಿ ಅಪ್ಪನನ್ನು ಹಿಡಿದುಕೊಂಡೆ. ಅವರಿಗೆ ಏನೂ ಆಗಿರಲಿಲ್ಲ. ಬಂಪರಿನ ಜೊತೆ ಓರೆಯಾದ ನನ್ನ ಲೈಟು ಒಂದು ಸಲವೂ ಮಿಣುಕದೆ ಅಪ್ಪನ ಚಪ್ಪಲಿಗಳ ಮೇಲೆ ಧಗಧಗ ಬೆಳಕು ಬಿಡುತ್ತಿತ್ತು. ಅಂಥ ಹೊತ್ತಿನಲ್ಲೂ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಡ್ರೈವರು ಎಂಜಲು ಕೈಯಲ್ಲೇ ಓಡಿಬಂದ. "ಯಾವನ್ಲಾ ಅವ್ನು, ನನ್ ಬಂಪರ್ ಕಿತ್ತೋನು?"

ಅಪ್ಪ ಕೈಯಲ್ಲಿದ್ದ ವೈರು ಬಿಡದೆ ನೆಟ್ಟಗೆ ನಿಂತರು. "ಲೈಟು ಆಕಿರೋನು ನನ್ ಮಗ. ಉರೀತಾ ಐತೆ, ಕಣ್ಣು ಬುಟ್ಟು ನೋಡ್ಕೋ. ಬಂಪರ್ ಕಟ್ಟಿದೋನು ಯಾವನು? ಅವನ್ನ ಕರಿ."

ಡ್ರೈವರಿನ ದನಿ ಇಳಿಯಿತು. "ಕಟ್ಟಿದ್ದು ನಾನೇ ಸಾಮಿ."

"ಅಂಗಾದ್ರೆ ಇವತ್ತು ನಿಂಗೆ ಊಟ ಇಲ್ಲ" ಎಂದರು ಅಪ್ಪ. "ಕೈ ತೊಳ್ಕೊಂಡು ಬಾ. ಎಂಗೆ ಕಟ್ಬೇಕು ಅಂತ ನನ್ ಮಗ ಏಳ್ಕೊಡ್ತಾನೆ."