ಕರೆವ್ವನ ಗಂಟೆ ಮತ್ತು ನನ್ನ ಬಂದೋಬಸ್ತು

ಒಬ್ಬ ಹೆಂಗಸನ್ನು ಹನ್ನೆರಡು ದಿನ ಜೋಪಾನವಾಗಿ ನೋಡಿಕೊಳ್ಳುವುದು ಎಷ್ಟರ ಮಾತು! ಕುಷ್ಟಗಿಯ ತಹಸೀಲು ಕಚೇರಿಯಲ್ಲಿ ಕೂತು ಇಡೀ ತಾಲೂಕಿನ ಬಂದೋಬಸ್ತು ನೋಡಿಕೊಳ್ಳುತ್ತಿದ್ದವನು ನಾನು. ಅಂದರೆ, ನೋಡಿಕೊಳ್ಳುತ್ತಿದ್ದವರು ತಹಸೀಲ್ದಾರರು; ನಾನು ಗುಮಾಸ್ತ, ಅವರ ಹುಕುಮಿನ ನಕಲು ಬರೆಯುತ್ತಿದ್ದೆ. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ.

ನಿಜಾಮರ ಆಳ್ವಿಕೆಯ ಕಡೆಗಾಲ ಅದು. ಆ ಹೆಂಗಸು ನನ್ನ ಅತ್ತೆ. ಅತ್ತೆ ಎಂದರೆ ನನ್ನ ಒಡಹುಟ್ಟಿದ ಅಕ್ಕನೇ. ಅವಳ ಹಿರಿಯ ಮಗಳನ್ನೇ ನನಗೆ ತಂದುಕೊಂಡಿದ್ದರು. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದಿಂದ ಕೆಳಗಿಳಿಸದೆ ಹೊತ್ತು ತಿರುಗಿದವಳು, ಈಗ ಹಿತ್ತಲಲ್ಲಿ ಜಾರಿ ಕಾಲು ಮುರಿದುಕೊಂಡು ನಮ್ಮ ಮನೆಯಲ್ಲಿ ಮಲಗಿದ್ದಳು. ಅಷ್ಟರಲ್ಲಿ ಗಂಗಾವತಿಯಲ್ಲಿ ಅವಳ ಕಿರಿಯ ಮಗಳು ಚೊಚ್ಚಲ ಗಂಡು ಹೆತ್ತಳು. ತಾಯಿ ಮಂಚ ಹಿಡಿದಿದ್ದರಿಂದ ಬಾಣಂತನಕ್ಕೆ ನನ್ನ ಹೆಂಡತಿಯೇ ಹೊರಟಳು.

ಹೊರಡುವ ಹಿಂದಿನ ದಿನ ಎಲುಬು ಕಟ್ಟುವ ಬುಡ್ಡೇಸಾಬ ಬಂದು ಅಕ್ಕನ ಕಾಲಿನ ಬಿದಿರುಪಟ್ಟಿ ಬಿಚ್ಚಿದ.

"ಎಲುಬು ಛಲೋ ಕೂಡೈತ್ರಿ ಸಾಹೇಬ್ರ. ನಾಳಿಂದ ಗ್ವಾಡಿ ಹಿಡಿಸಿ ದಿನಾ ನಡಸ್ರಿ. ಹಂಗ ಮಲಗಿಸಿ ಬಿಟ್ರ ಕಾಲು ಕಟ್ಟಿಗಿ ಆಗತೈತಿ."

ಅಕ್ಕ ನನ್ನ ಕೈ ಹಿಡಿದುಕೊಂಡಳು. "ಹನ್ನೆರಡು ದಿನಕ್ಕ ತೊಟ್ಟಿಲ ಐತಿ ತಮ್ಮಾ. ನಾನು ನಡಕೋತ ಹೋಗಿ ಮೊಮ್ಮಗನ್ನ ತೊಟ್ಟಿಲದಾಗ ಹಾಕಬೇಕು. ನಾಕು ಮಂದಿ ಹೊತ್ತೊಯ್ಯೂದು ಒಮ್ಮೆ ಐತಿ, ಅದು ಈಗ ಬ್ಯಾಡ."

ನನಗೆ ಕಣ್ಣು ತುಂಬಿ ಬಂತು. ಹೆಂಡತಿಗೆ ಮಾತ್ರ ನನ್ನ ಮೇಲೆ ನಂಬಿಕೆ ಬರಲಿಲ್ಲ. "ನೀರು ಕುಡಿದ ಚರಗಿ ಎಲ್ಲಿ ಇಟ್ಟೀನಿ ಅಂತ ನನ್ನ ಕೇಳತೀರಿ. ನಾಳೆ ಅವ್ವನ್ನ ಎಲ್ಲಿ ಇಟ್ಟೀರಿ ಅಂತ ನಾ ಯಾರನ್ನ ಕೇಳ್ಲಿ?" ಎಂದಳು.

"ನಡಸಿಕೊಂಡ ಬರ್ತೀನಿ, ನೋಡಂತಿ!" ಎಂದೆ.

ಗಾಡಿ ಮರೆಯಾದದ್ದೇ ತಡ, ನನ್ನ ಆಡಳಿತ ಜಾರಿಗೆ ಬಂತು. ಸ್ನಾನ, ಸೀರೆ ಮುಂತಾದ ಹೆಂಗಸರ ಖಾತೆಯನ್ನು ಪಕ್ಕದ ಮನೆಯ ನೀಲಮ್ಮನಿಗೆ ವಹಿಸಲಾಯಿತು. ಸುರಕ್ಷತೆಯ ಖಾತೆಯನ್ನು ನಾನೇ ಇಟ್ಟುಕೊಂಡೆ. ಎಡವಿಸುವಂಥ ವಸ್ತುಗಳನ್ನೆಲ್ಲ ಅಕ್ಕನ ಕೋಣೆಯಿಂದ ಜಪ್ತಿ ಮಾಡಿದೆ. ಮಣೆ, ಬುಟ್ಟಿ, ಒರಳು, ಕಡೆಗೆ ಅವಳ ಊರುಗೋಲು!

"ಕೋಲು ಇಲ್ದ ಹೆಂಗ ನಿಲ್ಲಲೋ?"

"ನಾ ಇದೀನಲ್ಲ!"

ಅಕ್ಕ ಗೋಡೆ ಹಿಡಿದು ಎದ್ದು ಒಂದು ಹೆಜ್ಜೆ ಇಟ್ಟಳು. ಕಾಲು ಸ್ವಲ್ಪ ನಡುಗಿತು. ನಾನು ಊರಿಗೇ ಬೆಂಕಿ ಬಿದ್ದಂತೆ "ಅಯ್ಯಯ್ಯೋ, ಬಿದ್ದಿ, ಬಿದ್ದಿ!" ಎಂದು ಕಿರುಚಿದೆ. ಬೀಳದಿದ್ದವಳು ಆ ಕಿರುಚಾಟಕ್ಕೇ ಹೆದರಿ ಮಂಚದ ಮೇಲೆ ಕುಸಿದಳು. ಅಲ್ಲಿಗೆ ಅವಳ ಧೈರ್ಯ ಮುಗಿಯಿತು. ಮರುದಿನ ಏಳು ಎಂದರೆ ಒಲ್ಲೆ, ಅದರ ಮರುದಿನವೂ ಒಲ್ಲೆ. "ಬೀಳತೀನೋ ತಮ್ಮಾ" ಎಂದು ಗೋಡೆಯ ಕಡೆ ಮುಖ ಮಾಡಿ ಅತ್ತಳು. ತಪ್ಪು ಯಾರದೆಂದು ತಿಳಿಯದಷ್ಟು ದಡ್ಡ ನಾನಲ್ಲ. ಆದರೆ ಒಪ್ಪಿಕೊಳ್ಳುವಷ್ಟು ಜಾಣನೂ ಅಲ್ಲ! ಬಂದೋಬಸ್ತು ಇನ್ನೂ ಬಿಗಿಯಾಗಬೇಕೆಂದು ತೀರ್ಮಾನಿಸಿ ಮಂಚದ ನಾಲ್ಕೂ ಕಡೆ ಗೂಟ ನಿಲ್ಲಿಸಿ ಹಗ್ಗ ಕಟ್ಟಿದೆ.

"ನಾನೇನು ಸಂತ್ಯಾಗಿನ ಎತ್ತೇನೋ?" ಎಂದಳು ಅಕ್ಕ.

ಇನ್ನು, ಬೇಕಾದಾಗ ನನ್ನನ್ನು ಕರೆಯಲು ಅವಳಿಗೊಂದು ಗಂಟೆ ಬೇಡವೇ? ತಹಸೀಲ್ದಾರರ ಮೇಜಿನ ಮೇಲೆ ಒಂದಿದೆ, ಅದನ್ನು ಕೇಳುವಂತಿಲ್ಲ. ನಮ್ಮ ಎಮ್ಮೆ ಕರೆವ್ವನ ಕೊರಳಲ್ಲೂ ಒಂದಿತ್ತು, ಅದನ್ನು ಬಿಚ್ಚಿ ಅಕ್ಕನ ತಲೆದೆಸೆಯಲ್ಲಿ ತೂಗಹಾಕಿದೆ. ಆಹಾ, ಎಂಥ ಬುದ್ಧಿ!

ಅದೇ ದಿನ ಸಂಜೆ ಊರ ದನಗಳೆಲ್ಲ ಮೇಯ್ದು ಮನೆಗೆ ಬಂದವು. ಪ್ರತಿಯೊಂದರ ಕೊರಳಲ್ಲೂ ಗಂಟೆ. ಢಣಢಣ ಎಂದಾಗಲೆಲ್ಲ ನಾನು ಕಟ್ಟೆಯಿಂದ ಒಳಗೋಡಿದೆ. "ಏನಕ್ಕಾ?" "ಏನಿಲ್ಲೋ." ಹದಿನೇಳು ಸಲ ಓಡಿದೆ! ಹದಿನೆಂಟನೆಯ ಸಲ ಅಕ್ಕನೇ, "ಕುಂದರೋ ಮಾರಾಯಾ, ನಿನ್ನ ನೋಡಿ ನನಗ ದಣಿವಾತು" ಎಂದಳು.

ಮರುದಿನ ಸಂಜೆಯ ಹೊತ್ತಿಗೆ ನಾನು ಪಳಗಿದ್ದೆ. ಕಟ್ಟೆಯ ಮೇಲೆ ನೀಲಮ್ಮನ ಗಂಡ ಶರಣಪ್ಪನಿಗೆ ನನ್ನ ಬಂದೋಬಸ್ತಿನ ಬಣ್ಣನೆ ಮಾಡುತ್ತ ಕೂತಿದ್ದೆ. ದನಗಳು ಬಂದವು. ಒಳಗಿಂದಲೂ ಢಣಢಣ.

"ಗುಮಾಸ್ತರ, ಒಳಗ ಗಂಟಿ ಬಾರಿಸಾಕತ್ತಾರ್ರಿ."

"ಅದು ದನದ್ದು. ನನಗೀಗ ಫರಕು ಗೊತ್ತಾಗೈತಿ."

ಗಂಟೆ ಜೋರಾಯಿತು.

"ಭಾಳ ಬಾರಿಸಾಕತ್ತಾರ್ರಿ!"

"ಯಾವದೋ ಚೂಟಿ ಎಮ್ಮಿ ಇರಬೇಕು ಬಿಡ್ರಿ."

ಆಗ ಒಳಗಿಂದ ಅಕ್ಕನ ದನಿ ಕೇಳಿಸಿತು: "ಎಲ್ಲಿ ಹಾಳಾಗಿ ಹೋಗೀಯೋ!"

ಕೋಣೆಗೆ ನುಗ್ಗಿದೆವು. ಮಂಚ ಖಾಲಿ!

ನಡೆದದ್ದಿಷ್ಟು. ಕರೆವ್ವನ ಕರು ಹುಟ್ಟಿದಾಗಿನಿಂದ ಆ ಗಂಟೆಯ ಸದ್ದಿಗೇ ಹಾಲು ಕುಡಿದದ್ದು. ಅಕ್ಕ ನೀರಿಗೆಂದು ಗಂಟೆ ಅಲುಗಿಸಿದಳು. ತಾಯಿ ಕರೆದಳೆಂದು ಕರು ಹಿತ್ತಲಲ್ಲಿ ಹಗ್ಗ ಕಿತ್ತುಕೊಂಡು ಒಳಬಂತು. ಗಾಬರಿಯಾಗಿ ಅಕ್ಕ ನನ್ನನ್ನು ಕರೆಯಲು ಇನ್ನೂ ಜೋರಾಗಿ ಬಾರಿಸಿದಳು. ಬಾರಿಸಿದಷ್ಟೂ ಕರು ಅವಳ ಮೈಮೇಲೇ ಬಂತು! ನನ್ನ ಹಗ್ಗದೊಳಗೆ ತಲೆ ತೂರಿಸಿ, ಅವಳ ಮುಖ ನೆಕ್ಕಿ, ಹಾಲು ಸಿಗದ ಸಿಟ್ಟಿಗೆ ದಿಂಬಿನ ಪಕ್ಕದಲ್ಲಿದ್ದ ಸೀರೆಯನ್ನು ಕಚ್ಚಿಕೊಂಡು, ಕೊರಳಿಗೆ ಸಿಕ್ಕಿದ ಒಂದು ಕಡೆಯ ಹಗ್ಗವನ್ನೂ ಎಳೆದುಕೊಂಡು ಹಿತ್ತಲಿಗೆ ಹೋಯಿತು. ಅದು ತೊಟ್ಟಿಲ ಶಾಸ್ತ್ರದ ದಿನ ಉಡಲೆಂದು ತೆಗೆದಿಟ್ಟ ಇಳಕಲ್ ಸೀರೆ!

ಅಕ್ಕ ಉಳಿದ ಹಗ್ಗದ ಕೆಳಗಿಂದ ನುಸುಳಿ ಹೊರಬಿದ್ದಿದ್ದಳು. ನಾನು ಹಿತ್ತಲ ಬಾಗಿಲಿನಲ್ಲಿ ನೋಡಿದರೆ, ಒಂದು ಕೈಯಲ್ಲಿ ಸೀರೆ, ಇನ್ನೊಂದರಲ್ಲಿ ಕರುವಿನ ಕಿವಿ ಹಿಡಿದು ಗಟ್ಟಿಯಾಗಿ ನಿಂತಿದ್ದಾಳೆ. ಮಂಚದಿಂದ ಹನ್ನೊಂದು ಹೆಜ್ಜೆ! ಆಮೇಲೆ ನಾನೇ ಅಳೆದು ನೋಡಿದೆ.

"ಅಕ್ಕಾ, ಅಲ್ಲಾಡಬ್ಯಾಡ! ನಾ ಬಂದೆ!" ಎಂದು ಹಾರಿದೆ. ಕರು ಎಳೆದು ತಂದಿದ್ದ ನನ್ನದೇ ಹಗ್ಗ ಕಾಲಿಗೆ ಸಿಕ್ಕಿತು. ಸಗಣಿಯ ಮೇಲೆ ದೊಪ್ಪನೆ ಬಿದ್ದೆ. ಪಾದ ಹೊರಳಿತು.

ಅಕ್ಕ ಕರುವನ್ನು ಬಿಟ್ಟು, ನಾಲ್ಕು ಹೆಜ್ಜೆ ನಡೆದು ಬಂದು, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಎಬ್ಬಿಸುವಾಗ ತಾನು ನಡೆದದ್ದು ಅವಳಿಗೆ ಹೊಳೆಯಿತು. "ತಮ್ಮಾ, ನಾ ಬೀಳಲಿಲ್ಲಲ್ಲೋ!" ಎಂದು ನಕ್ಕಳು, ನಗುತ್ತಲೇ ಅತ್ತಳು. ನಾನೂ ಅತ್ತೆ. ನನ್ನದು ಅರ್ಧ ಸಂತೋಷ, ಅರ್ಧ ಪಾದ.

ಅಂದಿನಿಂದ ಅಕ್ಕ ನನ್ನ ಜಪ್ತಿಯಿಂದ ಬಿಡಿಸಿಕೊಂಡ ಕೋಲೂರಿಕೊಂಡು ದಿನಕ್ಕೆ ಹತ್ತು ಸಲ ನಡೆದಳು, ಹೆಚ್ಚಾಗಿ ನನಗೆ ನೀರು ತಂದುಕೊಡಲು. ಹನ್ನೆರಡನೆಯ ದಿನ ಗಂಗಾವತಿಯಲ್ಲಿ ಗಾಡಿಯಿಂದ ತಾನೇ ಇಳಿದು, ಇಳಕಲ್ ಸೀರೆಯ ಕಚ್ಚಿದ ತುದಿಯನ್ನು ಒಳಗೆ ಸಿಕ್ಕಿಸಿ, ಎಲ್ಲರ ಮುಂದೆ ನಡೆದುಹೋಗಿ ಮೊಮ್ಮಗನನ್ನು ತೊಟ್ಟಿಲಿಗೆ ಹಾಕಿದಳು. ನನ್ನನ್ನು ಇಬ್ಬರು ಎತ್ತಿ ಇಳಿಸಿದರು.

"ನಡಸಿಕೊಂಡ ಬಂದೇನಿಲ್ಲ?" ಎಂದೆ ಹೆಂಡತಿಗೆ, ಎದೆಯುಬ್ಬಿಸಿ.

"ಅವ್ವ ನಡಕೋತ ಬಂದಾಳ, ಖರೆ. ಹೊತ್ಕೊಂಡ ತಂದಿದ್ದು ಯಾರನ್ನ?"

ಆದರೂ ಕುಷ್ಟಗಿಯಲ್ಲಿ ನನ್ನ ಕೀರ್ತಿ ಹಬ್ಬಿಬಿಟ್ಟಿತು. ತಿಂಗಳೊಳಗೆ ಬುಡ್ಡೇಸಾಬನೇ ಮನೆಗೆ ಬಂದು ಕೈಮುಗಿದ. "ಸಾಹೇಬ್ರ, ಯಲಬುರ್ಗಾದಾಗ ಒಬ್ಬಾಕಿ ಮುದುಕಿ ಅದಾಳ್ರಿ. ಎಲುಬು ಕೂಡೈತಿ, ಅಂಜಿ ಏಳವಲ್ಲಳು. ನಿಮ್ಮಿಂದ ಒಂದು ಉಪಕಾರ ಆಗಬೇಕ್ರಿ."

ನಾನು ಗಂಭೀರವಾಗಿ ಎದ್ದು ಕೋಟು ಹಾಕಿಕೊಂಡೆ, ರುಮಾಲು ಸುತ್ತಿಕೊಂಡೆ. "ನಡೀರಿ, ಹೋಗೋಣು."

ಬುಡ್ಡೇಸಾಬ ಸಂಕೋಚದಿಂದ ತಲೆ ಕೆರೆದುಕೊಂಡ.

"ನೀವು ಯಾಕ ತ್ರಾಸ ತಗೋತೀರ್ರಿ ಸಾಹೇಬ್ರ? ಆ ಎಮ್ಮಿ ಕರ ಒಂದು ಕೊಟ್ರ ಸಾಕು."

ಕೊಟ್ಟೆ. ಗಂಟೆಯನ್ನೂ ಕೊಟ್ಟು ಕಳಿಸಿದೆ.