ಹುಳುಮನೆಗೆ ಕರೆಯದೆ ಬರುವ ಚರಂಡಿಯವರಿಗೆ

ಚನ್ನಪಟ್ಟಣ, ಆಗಸ್ಟ್ 2008

ಮಾನ್ಯ ಕಾಂಕ್ರೀಟ್ ಚರಂಡಿಯವರೇ,

ತಮ್ಮ ಎರಡೂ ಗೋಡೆಗಳಿಗೆ, ಒಡೆಯದೆ ಉಳಿದಿರುವ ಅಷ್ಟೂ ಚಪ್ಪಡಿಗಳಿಗೆ, ಉದ್ಘಾಟನೆಯ ದಿನ ಕಟ್ಟಿ ಇಂದಿಗೂ ತಮ್ಮ ಗಂಟಲಲ್ಲೇ ಸಿಕ್ಕಿಕೊಂಡಿರುವ ಬಾಳೆಕಂದಿಗೆ ನನ್ನ ಅನಂತ ನಮಸ್ಕಾರಗಳು. ನಾನು ಲತಾಮಣಿ, ತಮ್ಮ ದಂಡೆಯ ಕೊನೆಯ ಮನೆಯವಳು, ಇಪ್ಪತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿರುವವಳು. ಕಳೆದ ಮೂರು ಮಳೆಗೂ ತಾವು ನಮ್ಮಲ್ಲಿಗೆ ದಯಮಾಡಿಸಿದ್ದೀರಿ. ಪರಿಚಯ ಹೇಳಿಕೊಳ್ಳಲು ಮಾತ್ರ ಪುರುಸೊತ್ತಾಗಿರಲಿಲ್ಲ.

ನಮ್ಮ ಹುಳುಮನೆಗೊಂದು ಕಟ್ಟಳೆಯಿದೆ. ರೇಷ್ಮೆ ಇಲಾಖೆಯ ಸಾಹೇಬರೇ ಬರಲಿ, ಸ್ವಂತ ಬೀಗರೇ ಬರಲಿ, ಬಾಗಿಲಲ್ಲಿ ಕಾಲು ತೊಳೆದು ಸುಣ್ಣದ ಪುಡಿ ತುಳಿದೇ ಒಳಗೆ ಬರಬೇಕು, ಇಲ್ಲದಿದ್ದರೆ ಹುಳುವಿಗೆ ರೋಗ ತಗಲುತ್ತದೆ. ತಾವೊಬ್ಬರೇ ಆ ಸುಣ್ಣವನ್ನೂ ಕಾಲು ತೊಳೆಯುವ ಬಕೆಟ್ಟನ್ನೂ ಎತ್ತಿಕೊಂಡು, ಬಿಡದಿಯ ಕಾರ್ಖಾನೆಗಳಿಗೆ ಹೋಗಿಬರುವವರಿಗೆಂದು ಎದ್ದ ಹೊಸ ಬಡಾವಣೆಯ ಅಷ್ಟೂ ಕಕ್ಕಸಿನ ಸಮಾಚಾರದೊಂದಿಗೆ ನೇರ ಒಳಗೆ ಬಂದವರು. ಕೊನೆಯ ಪೊರೆ ಕಳಚಿ ಗಬಗಬ ಸೊಪ್ಪು ತಿನ್ನುತ್ತಿದ್ದ ಹುಳುಗಳು ಎರಡೇ ದಿನದಲ್ಲಿ ಕಪ್ಪಗೆ ಕೊಳೆತವು. ತಿಂಗಳ ದುಡಿಮೆಯನ್ನು ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಸುರಿದು ಬಂದೆ.

ತಪ್ಪು ನಮ್ಮದೇ, ತಾವು ಬೇಸರಿಸಬಾರದು. ತಾವು ಹುಟ್ಟುವ ಮುಂಚೆ ಇಲ್ಲಿ ಮಣ್ಣಿನ ಹಳ್ಳವಿತ್ತು, ಎದೆಮಟ್ಟ ಜೊಂಡಿತ್ತು, ದಂಡೆಯಲ್ಲಿ ಹೊಂಗೆ ಮರಗಳಿದ್ದವು. ಮಳೆನೀರು ಅವುಗಳ ನಡುವೆ ನಿಧಾನವಾಗಿ ಹಾದು, ಅರ್ಧ ಇಂಗಿ, ಉಳಿದದ್ದು ತಿಳಿಯಾಗಿ ಕೆರೆ ಸೇರುತ್ತಿತ್ತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಊಜಿ ನೊಣ ಆ ಜೊಂಡಿನಿಂದಲೇ ಬರುತ್ತದೆಂದು ನಮ್ಮ ಬೀದಿಯ ಜಾಣರೆಲ್ಲ ತೀರ್ಮಾನಿಸಿ, ಜೊಂಡು ಕಿತ್ತು ಕಾಂಕ್ರೀಟು ಹಾಕಿಸಿಕೊಡಿ ಎಂದು ಅರ್ಜಿ ಕೊಟ್ಟೆವು. ಮೊದಲ ಸಹಿ ನನ್ನದು. ಜೊಂಡು ಹೋಯಿತು, ನೊಣ ಹೋಗಲಿಲ್ಲ. ಅದು ಅಕ್ಕಪಕ್ಕದ ಹುಳುಮನೆಗಳಿಂದಲೇ ಬರುತ್ತಿತ್ತಂತೆ. ನಮ್ಮತ್ತೆ ಮಾಯಮ್ಮನವರು ಅಂದೇ, “ಹಳ್ಳಕ್ಕೆ ಸಿಮೆಂಟ್ ಬಳುದ್ಬುಟ್ರೆ ನೀರು ಎಲ್ಲಿ ಕುಂತ್ಕತ್ತದವ್ವಾ, ನಿನ್ ಮನೇಲಾ?” ಎಂದು ಕೇಳಿದ್ದರು. ಓದಿದವಳಾದ ನಾನು ನಕ್ಕಿದ್ದೆ.

ತಮ್ಮ ನಿರ್ಮಾಣವನ್ನು ಎಷ್ಟು ಹೊಗಳಿದರೂ ಸಾಲದು. ಕೆರೆಯ ಕಡೆಗಿನ ತಮ್ಮ ತುದಿ ಶುರುವಿನ ತುದಿಗಿಂತ ಒಂದು ಗೇಣು ಎತ್ತರ. ನೀರೂ ದಿಣ್ಣೆ ಹತ್ತುವುದನ್ನು ಕಲಿಯಲಿ ಎಂಬ ಸದುದ್ದೇಶವಿರಬೇಕು. ತಮ್ಮ ಅಗಲವನ್ನು ನಮ್ಮಜ್ಜನ ಕಾಲದ, ದಿನವಿಡೀ ಸಣ್ಣಗೆ ಹನಿಯುತ್ತಿದ್ದ ಜಡಿಮಳೆಗೆ ಅಳೆದಿದ್ದಾರೆ, ಈಗಿನ ಮಳೆಯೋ ವಾರದ ನೀರನ್ನು ಅರ್ಧ ಗಂಟೆಯಲ್ಲಿ ಸುರಿದು ಹೋಗುತ್ತದೆ. ಆದಕಾರಣ ಮೋಡಗಳು ಮುಂಗಡ ಅರ್ಜಿ ಸಲ್ಲಿಸಿ, ಮನೆಗೆ ನಾಲ್ಕು ಕೊಡ ನೀರಿನಂತೆ ಮಾತ್ರ ಸುರಿಯಬೇಕೆಂದೂ, ಬಡಾವಣೆಯವರು ದೀಪಾವಳಿಯವರೆಗೆ ಕಕ್ಕಸಿಗೆ ಹೋಗಬಾರದೆಂದೂ ತಾವೇ ಆದೇಶ ಹೊರಡಿಸಬೇಕು. ಅದಾಗದಿದ್ದರೆ, ಕೊಳಚೆಗೆ ಬೇರೆ ಕೊಳವೆ ಹಾಕಿಸಿ, ತಾವು ಅಡಿಯ ಕಾಂಕ್ರೀಟು ಬಿಟ್ಟುಕೊಟ್ಟು, ಮತ್ತೆ ಹಳ್ಳವಾಗಿ, ಜೊಂಡು ಬೆಳೆಸಿಕೊಂಡು ನಿವೃತ್ತ ಜೀವನ ನಡೆಸಬೇಕೆಂದು ಪ್ರಾರ್ಥನೆ.

ಈಗಿನ ಹುಳು ನಾಳೆಯೋ ನಾಡಿದ್ದೋ ಹಣ್ಣಾಗಲಿವೆ. ಗೂಡು ಕಟ್ಟಲು ಅವನ್ನು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಈ ಬೆಳೆಯೂ ಹೋದರೆ ಚಂದ್ರಿಕೆಗಳನ್ನು ಒಲೆಗೆ ಹಾಕಿ, ನಾನೂ ಕಾರ್ಖಾನೆಯ ನೆಲ ಒರೆಸಲು ಬಸ್ಸು ಹತ್ತಬೇಕು. ನನಗೆ ಗೊತ್ತಿರುವ ಕಸುಬು ಇದೊಂದೇ.

ಹೊಸಿಲಿಗೆ ಮರಳಿನ ಮೂಟೆ ಜೋಡಿಸುತ್ತಾ ಬರೆದ,
ತಮ್ಮ ವಿಶ್ವಾಸಿ,
ಲತಾಮಣಿ

ಹೇಳಲು ಮರೆತದ್ದು: ಲಕೋಟೆ ಅಂಟಿಸುವಷ್ಟರಲ್ಲಿ ಮಳೆ ಮತ್ತೆ ಬಂತು. ತಾವು ನಮ್ಮ ಹೊಸಿಲು ಮುಟ್ಟುವ ಮೊದಲೇ ನಾನೂ, ಗೂಡಿನಿಂದ ನೂಲು ಬಿಚ್ಚುವ ಪಕ್ಕದ ಮನೆಯ ಗುಲ್ಜಾರ್ ಬೀಯೂ ಹಾರೆ ಹಿಡಿದು, ಹಳೆಯ ಹಳ್ಳದ ತಗ್ಗು ಉಳಿದಿರುವ ಕಡೆ ತಮ್ಮ ಗೋಡೆಯನ್ನು ಎರಡು ಮೊಳ ಒಡೆದೆವು. ನೀರು ಯಾರನ್ನೂ ದಾರಿ ಕೇಳದೆ ಅತ್ತ ಹೋಯಿತು. ಅದಾಗಿ ಎರಡು ದಿನ, ಈಗ ಹುಳು ಚಂದ್ರಿಕೆ ಹತ್ತಿವೆ. ಸರ್ಕಾರಿ ಆಸ್ತಿ ಹಾಳು ಮಾಡಿದ್ದಕ್ಕೆ ವಿಚಾರಣೆಗೆ ಬರುವವರು ಧಾರಾಳವಾಗಿ ಬರಲಿ; ಹುಳು ಗೂಡು ಕಟ್ಟುವ ಈ ಮೂರು ದಿನ ಮಾತ್ರ ನಮಗೆ ಬಿಡುವಿಲ್ಲ.