ಜ್ಯೂಸರ್ ಮೋಟಾರಿನ ಸಿನೆಮಾ

ತಿರುಗುವುದು ಮೋಟಾರಿನ ಧರ್ಮ. ನನ್ನ ಹೆಂಡತಿ ಶ್ವೇತಾಳ ಅಜ್ಜನ ಹಳೆಯ ಸಿನೆಮಾ ಕ್ಯಾಮೆರಾದ ಮೋಟಾರು ಆ ಧರ್ಮವನ್ನು ಬಿಟ್ಟಿದೆ. ಆದ್ದರಿಂದ ತಿರುಗುವ ಇನ್ನೊಂದನ್ನು ಕೂರಿಸಿದರೆ ಕ್ಯಾಮೆರಾ ಓಡಲೇಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಬಡಕಲು ವಾದಗಳಿಗೆ ನನಗೆ ಮೊದಲ ಬಹುಮಾನ ಬಂದಿದೆ!

ಆ ಮನೆಯ ಕುಬಸಗಳನ್ನೆಲ್ಲ, ಅಂದರೆ ಸೀಮಂತಗಳನ್ನೆಲ್ಲ, ಅಜ್ಜ ಇದರಲ್ಲೇ ಚಿತ್ರೀಕರಿಸಿದ್ದರು. ಈಗ ನಾದಿನಿ ಪಲ್ಲವಿ ಬಸುರಿ. ಅವಳ ಕುಬಸವೂ ಇದರಲ್ಲೇ ಮೂಡಬೇಕೆಂಬುದು ಅತ್ತೆಯ ಆಸೆ. ಪರದೇಶದಿಂದ ತರಿಸಿದ ರೀಲು ಒಂದೇ ಒಂದು.

"ಪ್ರಶಾಂತಗ ಕೊಡೋಣು. ಅಂವ ಚಾಕಣದ ಫ್ಯಾಕ್ಟರಿಯಾಗ ಮೋಟಾರಿನ ಕೆಲಸಾನ ಮಾಡ್ತಾನ," ಎಂದರು ಅತ್ತೆ.

ಪ್ರಶಾಂತ ಎಂದರೆ ಶ್ವೇತಾಳ ಸೋದರಮಾವನ ಮಗ. ನಮ್ಮ ಕಡೆ ಈ ಸಂಬಂಧದ ಅರ್ಥ ಗೊತ್ತಲ್ಲ! ನಾನು ನಡುವೆ ಬರದಿದ್ದರೆ ಅಳಿಯನ ಖುರ್ಚಿಯಲ್ಲಿ ಅವನೇ ಕೂರುತ್ತಿದ್ದ. ಎತ್ತರ ನಿಲುವು, ಗುಂಗುರು ಕೂದಲು, ಮೇಲೆ ವಿನಯ ಬೇರೆ. ವಿನಯವನ್ನು ಯಾವ ತರ್ಕದಿಂದ ಖಂಡಿಸುವುದು?

"ನಾನ ಮಾಡ್ತೀನ್ರಿ," ಎಂದು ಘೋಷಿಸಿದೆ.

ಪ್ರಶಾಂತ ಫೋನ್ ಮಾಡಿದ. "ಸುಧೀರ, ಸ್ಪೀಡ್ ಕಡಿಮಿ ಮಾಡಾಕ ನಡುವ ಗಿಯರ್ ಹಾಕ್ರಿ. ಬೇಕಾದ್ರ ನಾ ತರ್ತೀನಿ."

"ಬ್ಯಾಡ್ರಿ!" ಶತ್ರುವಿನ ಗಿಯರಿನಿಂದ ಗೆಲ್ಲುವುದೂ ಒಂದು ಗೆಲುವೇ?

ಶ್ವೇತಾಳ ಪುಟ್ಟ ಚಾರ್ಜಿಂಗ್ ಜ್ಯೂಸರ್ ಹುತಾತ್ಮವಾಯಿತು. ಅದರ ಮೋಟಾರನ್ನು ಸೈಕಲ್ ಟ್ಯೂಬಿನ ತುಂಡಿನಿಂದ ನೇರವಾಗಿ ಕ್ಯಾಮೆರಾಕ್ಕೆ ಬಿಗಿದೆ. ರೀಲಿಲ್ಲದೆ ಓಡಿಸಿ ನೋಡಿದಾಗ ಪಕ್ಕದ ಮನೆಯ ಮರಾಠಿ ಕಾಕು ಬಾಗಿಲು ತಟ್ಟಿದರು. "ಕಾಯ್ ರೇ, ಚಟ್ಣಿ ಕರತೋಯ್ಸ ಕಾ?" ಚಟ್ನಿಯಲ್ಲ, ಸಿನೆಮಾ ಎಂದೆ.

"ಸ್ಪೀಡ್ ಭಾಳ ಆತೇನೋ ಅನಸ್ತದ," ಎಂದಳು ಶ್ವೇತಾ.

"ಸ್ಪೀಡ್ ಆದ್ರ ತಪ್ಪು ಅನ್ನೋದಕ್ಕ ಆಧಾರ ಏನು?"

"ಪ್ರಶಾಂತ ಹೇಳ್ಯಾನಲ್ಲ!"

ಆಧಾರ ತಿರಸ್ಕೃತ!

ಕುಬಸದ ದಿನ, ವಾಕಡದ ಅತ್ತೆಯ ಮನೆ. ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಪಲ್ಲವಿ ಮಣೆಯ ಮೇಲೆ ಕೂತಿದ್ದಳು. ಇನ್ನೇನು ಆರತಿ ಎತ್ತಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಪ್ರಶಾಂತ! ನೋಡು ಮಗನೇ, ಗಿಯರಿಲ್ಲದೆ ಹೇಗೆ ಓಡುತ್ತದೆ ಎಂದು ಕ್ಯಾಮೆರಾವನ್ನು ಅವನತ್ತ ತಿರುಗಿಸಿ ಗುಂಡಿ ಒತ್ತಿದೆ. ಭರ್ರ್! ಒತ್ತಿದ ಗುಂಡಿ ಮೇಲೇಳಲಿಲ್ಲ. ಅವನು ಚಪ್ಪಲಿ ಬಿಟ್ಟು ಸೋಫಾ ಮುಟ್ಟುವಷ್ಟರಲ್ಲಿ ರೀಲು ಖಾಲಿ. ಯಾರಿಗೂ ಹೇಳಲಿಲ್ಲ. ಆರತಿ ಮುಗಿಯುವವರೆಗೂ ಖಾಲಿ ಕ್ಯಾಮೆರಾವನ್ನೇ ಗಂಭೀರವಾಗಿ ಕಣ್ಣಿಗೆ ಹಿಡಿದು ನಿಂತೆ.

ರೀಲು ಮುಂಬೈಯಲ್ಲಿ ತೊಳೆಸಿಕೊಂಡು ಬಂದ ಮೇಲೆ ಅತ್ತೆಯ ಮನೆಯ ಗೋಡೆಯ ಮೇಲೆ ಪ್ರದರ್ಶನ. ಕ್ಯಾಮೆರಾ ಜೋರಾಗಿ ಓಡಿದಷ್ಟೂ ಚಿತ್ರ ನಿಧಾನವಾಗುತ್ತದಂತೆ. ಈ ಸತ್ಯ ತಿಳಿದದ್ದೇ ಅಲ್ಲಿ! ಗೋಡೆಯ ತುಂಬ ಪ್ರಶಾಂತ ತೇಲುತ್ತ ಬಂದ. ಗುಂಗುರು ಕೂದಲು ಅಲೆಯಲೆಯಾಗಿ ಎದ್ದಿತು. ಅವನ ಮುಗುಳ್ನಗೆ ಪೂರ್ತಿ ಅರಳುವಷ್ಟರಲ್ಲಿ ನನ್ನ ಚಹಾ ಆರಿತು.

"ಪಲ್ಲವಿ ಯಾವಾಗ ಬರ್ತಾಳ್ರಿ?" ಅತ್ತೆ ಕೇಳಿದರು.

"ಬರೂದಿಲ್ರಿ."

ಅತ್ತೆಯ ಮುಖ ಬಾಡಿತು. ಪಲ್ಲವಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇರ್ಲಿ ಬಿಡವ್ವಾ, ಪ್ರಶಾಂತ ಥೇಟ್ ಹೀರೋ ಕಂಡಂಗ ಕಾಣ್ತಾನ!"

ಪ್ರಶಾಂತ ನಾಚಿದ. "ಸುಧೀರ ಭಾಳ ಪ್ರೀತಿಲೆ ತಗದಾರ, ಅತ್ತಿ."

ಎದುರಾಳಿಯ ಪರವಾಗಿ ಇಷ್ಟು ಸುದೀರ್ಘ ಸಾಕ್ಷ್ಯ ಒದಗಿಸಿದ ಚರ್ಚಾಪಟು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು!